‘ಲೈಸೆನ್ಸ್ ನಂಬರ್ ಕೊಡಿ’ ಎಂದಾಗ ಬಾಯಿ ಕಟ್ಟಿತು

ಪ್ರಶ್ನೆ: ನಾನು ಕಡೂರು ಹತ್ತಿರದ ಹಳ್ಳಿಯವನು. ವಯಸ್ಸು ನಲವತ್ತು ದಾಟಿದೆ. ಹುಡುಗನಾಗಿದ್ದಾಗ ಸುಣ್ಣ ಹೊಡೆಯಲು ಹೋದವನು, ಈಗ ಆರೇಳು ಜನರನ್ನು ಕಟ್ಟಿಕೊಂಡು ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆ ಪೇಂಟಿಂಗ್ ಕೆಲಸ ಗುತ್ತಿಗೆಗೆ ಹಿಡಿಯುತ್ತೇನೆ. ಮೊನ್ನೆ ತರೀಕೆರೆಯಲ್ಲಿ ಹೊಸ ಮನೆಯೊಂದರ ರೇಟು ಮಾತಾಡುವಾಗ ಅವರ ಇಂಜಿನಿಯರ್ ಎಲ್ಲರೆದುರು ‘ನಿಮ್ಮ ಲೈಸೆನ್ಸ್ ನಂಬರ್ ಕೊಡಿ’ ಎಂದರು. ನನ್ನ ಹತ್ತಿರ ಏನೂ ಇರಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. ಪರಿಚಯದವರೊಬ್ಬರು ಹದಿನೆಂಟು ಸಾವಿರ ಕೊಟ್ಟರೆ ‘ಸ್ಟೇಟ್ ಪೇಂಟಿಂಗ್ ಲೈಸೆನ್ಸ್’ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಮೆರಿಕದಲ್ಲಿರುವ ನನ್ನ ಹೆಂಡತಿಯ ಅಣ್ಣನ ಮಗ, ಅಲ್ಲಿ ಲೈಸೆನ್ಸ್ ಇಲ್ಲದೆ ಬ್ರಷ್ ಮುಟ್ಟುವ ಹಾಗಿಲ್ಲ ಮಾವ ಎಂದ. ಇಷ್ಟು ವರ್ಷ ಕಾನೂನು ತಪ್ಪಿ ದುಡಿದೆನೇ? ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಲು ಭಯ. ಮನೆಯಲ್ಲಿ ಹೇಳಿಲ್ಲ. ಆ ಇಂಜಿನಿಯರ್‌ಗೆ ಫೋನ್ ಮಾಡಿ ಮಾತಾಡಲೇ, ಬೇಡವೇ?

ಉತ್ತರ: ನಿಮ್ಮ ಕಾಗದದಲ್ಲಿ ‘ಎಲ್ಲರೆದುರು’ ಎಂದು ಬರೆದ ಕಡೆ ಪೆನ್ನು ಒತ್ತಿ ಬರೆದಿದ್ದೀರಿ. ಕೆಲಸ ಹೋದದ್ದಕ್ಕಿಂತ ಹೆಚ್ಚಾಗಿ ಅದು ನೋಯಿಸಿದೆ ಎಂದು ಅಲ್ಲೇ ತಿಳಿಯಿತು. ಇಷ್ಟು ವರ್ಷ ನಿಮಗೆ ಕೆಲಸ ಕೊಟ್ಟವರು ಹಿಂದಿನ ಮನೆಯ ಗೋಡೆ ನೋಡಿ ಕೊಟ್ಟರು. ಕಾಗದ ಕೇಳಿದವರು ಯಾರೂ ಇಲ್ಲ. ಒಂದು ದಿನ ಇದ್ದಕ್ಕಿದ್ದಂತೆ, ಜೊತೆಯ ಹುಡುಗರು ನಿಂತಿರುವಾಗಲೇ, ಒಬ್ಬರು ಕಾಗದ ಕೇಳಿದರೆ ಯಾರಿಗಾದರೂ ಬಾಯಿ ಒಣಗುತ್ತದೆ. ನಿಮಗಾದ ನಾಚಿಕೆ, ಸಿಟ್ಟು, ಭಯ ಮೂರೂ ಸಹಜ. ಇಂಥದ್ದೇ ಪ್ರಶ್ನೆಗೆ ಬಾಯಿ ಕಟ್ಟಿದ ಟೈಲ್ಸ್ ಮೇಸ್ತ್ರಿಗಳು, ಪ್ಲಂಬರ್‌ಗಳು, ಗಾರೆಯವರು ಈ ಪುಟವನ್ನು ಓದುತ್ತಿರುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆ. ಇಲ್ಲ, ನೀವು ಕಾನೂನು ತಪ್ಪಿ ದುಡಿದಿಲ್ಲ. ಕರ್ನಾಟಕದಲ್ಲಿ ಖಾಸಗಿ ಮನೆಗಳಿಗೆ ಬಣ್ಣ ಹೊಡೆಯಲು ‘ಪೇಂಟಿಂಗ್ ಲೈಸೆನ್ಸ್’ ಎಂಬ ಪ್ರತ್ಯೇಕ ಪರವಾನಗಿಯೇ ಇಲ್ಲ. ಇಲ್ಲದ ಕಾಗದವನ್ನು ನೀವು ಇಟ್ಟುಕೊಂಡಿರಲಿಲ್ಲ, ಅಷ್ಟೇ. ವೈರಿಂಗ್ ಗುತ್ತಿಗೆದಾರರ ಮಾತು ಬೇರೆ. ಅವರಿಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕೇ ಬೇಕು. ಸರ್ಕಾರಿ ಕಟ್ಟಡದ ಟೆಂಡರ್ ಹಾಕುವವರು ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆವಾರು ನೋಂದಣಿ ಮಾಡಿಸಿಕೊಂಡಿರುತ್ತಾರೆ. ದಿನವೂ ಅಂಥವರ ಜೊತೆ ವ್ಯವಹರಿಸುವ ಇಂಜಿನಿಯರ್ ಅದೇ ರೂಢಿಯಲ್ಲಿ ನಿಮ್ಮನ್ನೂ ಕೇಳಿರಬಹುದು. ಜಿಎಸ್‌ಟಿ ನಂಬರ್ ಮನಸ್ಸಿನಲ್ಲಿಟ್ಟುಕೊಂಡು ‘ಲೈಸೆನ್ಸ್’ ಎಂದಿರಲೂಬಹುದು. ಅಥವಾ ಬಣ್ಣ ಆರು ತಿಂಗಳಿಗೆ ಎದ್ದುಬಂದರೆ ಯಾರನ್ನು ಹಿಡಿಯಲಿ ಎಂಬ ಅವರ ಆತಂಕ ಆ ರೂಪದಲ್ಲಿ ಹೊರಬಂದಿರಬಹುದು. ನಿಮ್ಮನ್ನು ಅವಮಾನಿಸುವುದೇ ಅವರ ಉದ್ದೇಶವಾಗಿತ್ತು ಎಂದು ಈಗಲೇ ತೀರ್ಮಾನಿಸಬೇಡಿ. ಇನ್ನೊಮ್ಮೆ ಯಾರಾದರೂ ಕೇಳಿದರೆ ತಲೆ ತಗ್ಗಿಸದೆ, ‘ಯಾವ ಲೈಸೆನ್ಸ್ ಸಾರ್, ಯಾವ ಇಲಾಖೆದು?’ ಎಂದು ನಿಧಾನವಾಗಿ ಕೇಳಿ.

ಅಮೆರಿಕದ ಅಳಿಯ ಹೇಳಿದ್ದೂ ಸುಳ್ಳಲ್ಲ, ಆದರೆ ಅದು ಅಲ್ಲಿನ ಕಥೆ. ಅಲ್ಲೂ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಪೇಂಟಿಂಗ್ ಗುತ್ತಿಗೆದಾರರಿಗೆ ‘ಸಿ-33’ ಎಂಬ ಲೈಸೆನ್ಸ್ ಇದೆ. ಅದಕ್ಕೆ ನಾಲ್ಕು ವರ್ಷದ ಅನುಭವ ಬೇಕು. ಸಾವಿರ ಡಾಲರ್ ಮತ್ತು ಅದಕ್ಕೆ ಮೇಲಿನ ಕೆಲಸ ಹಿಡಿಯಲು ಅದು ಕಡ್ಡಾಯ. ಆ ನಿಯಮ ಕಡೂರಿಗೆ ಅನ್ವಯಿಸುವುದಿಲ್ಲ.

ಇನ್ನು ಹದಿನೆಂಟು ಸಾವಿರ. ದಯವಿಟ್ಟು ಕೊಡಬೇಡಿ. ನಿಮ್ಮ ಪರಿಚಯದವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅವರಿಗೂ ಯಾರೋ ಹಾಗೆ ಹೇಳಿರಬಹುದು. ಸಾಮಾನ್ಯವಾಗಿ ಇಂಥ ಕಡೆ ಕೈಗೆ ಬರುವುದು ‘ಉದ್ಯಮ್’ ನೋಂದಣಿಯ ಪ್ರಮಾಣಪತ್ರ. ಅದು ಲೈಸೆನ್ಸ್ ಅಲ್ಲ. ನೀವೊಂದು ಸಣ್ಣ ಉದ್ದಿಮೆ ನಡೆಸುತ್ತೀರಿ ಎಂದು ಕೇಂದ್ರ ಸರ್ಕಾರ ಬರೆದುಕೊಳ್ಳುವ ದಾಖಲೆ. 2020ರ ಜುಲೈ 1ರಿಂದ ನಡೆಯುತ್ತಿರುವ ಈ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಆಧಾರ್, ಪ್ಯಾನ್, ಒಟಿಪಿ ಬರುವ ಮೊಬೈಲ್ ಇದ್ದರೆ ಸಾಕು. ಸೈಬರ್ ಸೆಂಟರಿನವರಿಗೆ ಟೈಪು ಮಾಡಿದ್ದಕ್ಕೆ ಕೊಡುವ ಕಾಸು ಬೇರೆ. ಇದನ್ನು ನೀವು ಮಾಡಿಸಿಕೊಳ್ಳುವುದು ಒಳ್ಳೆಯದೇ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ನೆರವಿಗೆ ಬರುತ್ತದೆ, ಕಾಗದ ಕೇಳಿದವರ ಮುಂದೆ ಇಡಲೂ ಒಂದು ಇರುತ್ತದೆ. ವಿಶ್ವಕರ್ಮ ಯೋಜನೆಯಲ್ಲಿ ಸೇರಿಸುತ್ತೇವೆ ಎಂದು ಬರುವವರೂ ಇದ್ದಾರೆ, ಎಚ್ಚರ. 2023ರಲ್ಲಿ ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ಗಾರೆಯವರಿದ್ದಾರೆ, ಪೇಂಟರ್ ಇಲ್ಲ.

ಪೇಟೆಯಲ್ಲಿ ಅಂಗಡಿಯನ್ನೋ ಬಣ್ಣದ ಡಬ್ಬಿ ತುಂಬಿಡುವ ಗೋಡೌನನ್ನೋ ಮಾಡಿದರೆ ಮಾತ್ರ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ವ್ಯಾಪಾರ ಪರವಾನಗಿ ಬೇಕಾಗುತ್ತದೆ. ಏಣಿ, ಬ್ರಷ್, ರೋಲರ್ ಮನೆಯ ಪಡಸಾಲೆಯಲ್ಲಿಟ್ಟುಕೊಂಡು ಹೋಗಿ ಬರುವವರಿಗೆ ಆ ತಲೆನೋವಿಲ್ಲ.

ಫೋನ್ ಎತ್ತಲು ಭಯ ಎಂದಿರಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬೇಕು. ಆಮೇಲೆ ಎಷ್ಟೋ ಜನ ಸ್ಕ್ಯಾನರ್ ತೆಗೆದಿಟ್ಟು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಭಯಪಟ್ಟು ಲೆಕ್ಕ ಮರೆಸಿದರೆ ಭಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನಿಮ್ಮಂಥ ಸೇವೆಯ ಕೆಲಸಕ್ಕೆ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇಲ್ಲಿ ಮೇಸ್ತ್ರಿಗಳು ಎಡವುವ ಜಾಗ ಒಂದಿದೆ: ವಹಿವಾಟು ಎಂದರೆ ಕೈಯಲ್ಲಿ ಉಳಿದ ದುಡ್ಡಲ್ಲ. ಬರೀ ಕೂಲಿ ಗುತ್ತಿಗೆಯಾದರೆ ನೀವು ಪಡೆಯುವ ಕೂಲಿಯ ಮೊತ್ತ ಮಾತ್ರ. ಮೆಟೀರಿಯಲ್ ಸಮೇತ ಮಾತಾಡಿದಿರಾದರೆ ಪುಟ್ಟಿ, ಪ್ರೈಮರ್, ಎಮಲ್ಷನ್ ಎಲ್ಲದರ ದುಡ್ಡೂ ನಿಮ್ಮ ವಹಿವಾಟಿಗೇ ಸೇರುತ್ತದೆ. ಮನೆಯವರೇ ಅಂಗಡಿಯಿಂದ ನೇರವಾಗಿ ಬಣ್ಣ ಕೊಂಡರೆ ಸೇರುವುದಿಲ್ಲ. ಒಂದು ನೋಟ್‌ಬುಕ್ ತೆಗೆದು ಈ ವರ್ಷದ ಏಪ್ರಿಲ್‌ನಿಂದ ಬಂದದ್ದನ್ನು ಬರೆಯಿರಿ. ಮೊತ್ತ 20 ಲಕ್ಷದ ಹತ್ತಿರ ಬಂದರೆ ಕಡೂರಿನಲ್ಲಿ ತೆರಿಗೆ ಲೆಕ್ಕ ಬರೆಯುವವರೊಬ್ಬರನ್ನು ಕಾಣಿ. ಬಹಳ ದೂರವಿದ್ದರೆ ಈ ಚಿಂತೆಯನ್ನು ಇಂದೇ ಕೆಳಗಿಡಿ.

ಇಷ್ಟು ಸಮಾಧಾನ ಹೇಳಿದ ಮೇಲೆ ಒಂದು ಮಾತು ಕೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಉದ್ದನೆಯ ಕಾಗದದಲ್ಲಿ ಆ ಆರೇಳು ಜನರ ಬಗ್ಗೆ ‘ಕಟ್ಟಿಕೊಂಡು’ ಎಂಬ ಒಂದು ಮಾತು ಬಿಟ್ಟರೆ ಬೇರೇನೂ ಇಲ್ಲ. ಎರಡನೇ ಮಹಡಿಯ ಹೊರಗೋಡೆಗೆ ಸಾರುವೆ ಕಟ್ಟಿ ನಿಂತು ರೋಲರ್ ಎಳೆಯುವವರು ಅವರು. ಅವರಲ್ಲಿ ಒಬ್ಬರು ಜಾರಿ ಬಿದ್ದರೆ, ಕೂಲಿ ಕೊಟ್ಟು ಕೆಲಸ ಮಾಡಿಸುವವರು ಪರಿಹಾರ ಕೊಡಬೇಕೆಂದು ಕಾನೂನು ಹೇಳುತ್ತದೆ. 1923ರಷ್ಟು ಹಿಂದೆಯೇ ಬಂದ ನಿಯಮ ಇದು. ನನಗೆ ಕೇಳಿದರೆ, ಆ ಇಂಜಿನಿಯರ್ ಕೇಳಬೇಕಾಗಿದ್ದ ಪ್ರಶ್ನೆ ಇದು. ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಎಬ್ಬಿಸುವ ಭಯದಲ್ಲಿ ಒಂದು ಪಾಲು ಇದಕ್ಕೂ ಸೇರಿದ್ದಿರಬಹುದು.

ಇದಕ್ಕೆ ದಾರಿ ಇದೆ, ಖರ್ಚೂ ಹೆಚ್ಚಿಲ್ಲ. 18ರಿಂದ 60 ವರ್ಷದೊಳಗಿನ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪೇಂಟರ್‌ಗಳೂ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಊರಲ್ಲಿ ‘ಲೇಬರ್ ಕಾರ್ಡ್’ ಎನ್ನುವುದು ಇದನ್ನೇ. ಅಪಘಾತಕ್ಕೆ, ಮಕ್ಕಳ ಓದಿಗೆ, ಮದುವೆಗೆ, ವಯಸ್ಸಾದ ಮೇಲೆ ಪಿಂಚಣಿಗೆ ಮಂಡಳಿಯ ನೆರವಿದೆ. ಅದಕ್ಕೆ ಉದ್ಯೋಗ ದೃಢೀಕರಣ ಪತ್ರ ಬೇಕು, ಕೆಲಸ ಮಾಡಿಸುವ ಗುತ್ತಿಗೆದಾರರು ಅದಕ್ಕೆ ಸಹಿ ಹಾಕಬಹುದು. ಅಂದರೆ ನೀವು. ಯಾರು ಯಾವ ಮನೆಯಲ್ಲಿ ಎಷ್ಟು ದಿನ ದುಡಿದರು ಎಂದು ಬಟವಾಡೆಯ ದಿನ ಬರೆದಿಟ್ಟುಕೊಂಡರೆ ಆ ಪುಟವೇ ಅವರಿಗೆ ಆಧಾರ. ಕೆಲಸಕ್ಕೇ ಬಾರದ ನೆಂಟರಿಗೆ ಮಾತ್ರ ಯಾರೇ ಬೇಡಿಕೊಂಡರೂ ಸಹಿ ಹಾಕಬೇಡಿ. ಅಂಥ ಬೋಗಸ್ ಕಾರ್ಡುಗಳನ್ನು ಇಲಾಖೆ ಹುಡುಕಿ ರದ್ದು ಮಾಡುತ್ತಿದೆ. ನಿಮ್ಮ ಕಾರ್ಡನ್ನೂ ಮಾಡಿಸಿ. ನೀವೂ ಬ್ರಷ್ ಹಿಡಿಯುವವರೇ ಅಲ್ಲವೇ?

ಕಾರ್ಡ್ ಬರುವವರೆಗೆ ಕಾಯದೆ, ಎಲ್ಲರೂ ತಮ್ಮ ಬ್ಯಾಂಕ್ ಖಾತೆಯಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಒಪ್ಪಿಗೆ ಕೊಡಲಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 2 ಲಕ್ಷ. ಹಳೆ ಮನೆಯ ಬಾಗಿಲು ಕಿಟಕಿಯ ಎನಾಮಲ್ ಉಜ್ಜುವಾಗ ಮೂಗಿಗೆ ಮಾಸ್ಕ್ ಕಟ್ಟಲಿ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು; ಮನೆಬಣ್ಣದಲ್ಲಿ ಅದು 90 ಪಿಪಿಎಂ ದಾಟಬಾರದೆಂಬ ನಿಯಮ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಮುಂದೆ ಕೆಲಸ ಬೆಳೆದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಾದರೆ ಕಾರ್ಮಿಕ ಇಲಾಖೆಯಲ್ಲಿ ನಿಮ್ಮ ನೋಂದಣಿಯ ಪ್ರಶ್ನೆ ಬರುತ್ತದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಇದನ್ನು ಯಾರದೋ ಬಾಯಿಮಾತು ನಂಬದೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನೇ ಕೇಳಿ. ಇಲಾಖೆಯ ಸಹಾಯವಾಣಿ 155214. ಪರಿಚಯದವರಿಗೆ ಈಗಾಗಲೇ ಮುಂಗಡ ಕೊಟ್ಟುಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಮೊದಲು ರಸೀದಿ ಕೇಳಿ, ನಂತರ ದುಡ್ಡು ವಾಪಸ್ ಕೇಳಿ. ಕೊಡದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಹೇಳಿಲ್ಲ ಎಂದಿರಿ. ಇವತ್ತು ಊಟವಾದ ಮೇಲೆ ಹೆಂಡತಿಗೆ ಹೇಳಿಬಿಡಿ. ನೀವು ನಡುರಾತ್ರಿ ಎದ್ದು ಕೂರುವುದನ್ನು ಅವರು ನೋಡಿಯೇ ಇರುತ್ತಾರೆ. ಕಾರಣ ತಿಳಿಯದೆ ಇದಕ್ಕಿಂತ ದೊಡ್ಡದೇನನ್ನೋ ಊಹಿಸಿಕೊಂಡಿರಬಹುದು. ಹೇಳಿದ ಮೇಲೂ ಎರಡು ವಾರ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುವುದು ನಿಲ್ಲದಿದ್ದರೆ, ‘ಟೆಲಿ ಮಾನಸ್’ನ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡೂ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವಾಗ ಎಂದು ವಿಚಾರಿಸಿಕೊಂಡು ಹೋಗಿ.

ಕೊನೆಗೆ ಇಂಜಿನಿಯರ್. ಫೋನ್ ಮಾಡಿ, ಆದರೆ ಇವತ್ತೇ ಬೇಡ. ಮೊದಲು ಒಂದು ಹಾಳೆಯ ಕೊಟೇಶನ್ ಬರೆಯಲು ಕಲಿಯಿರಿ. ಗೋಡೆ ಎಷ್ಟು ಚದರಡಿ, ಪುಟ್ಟಿ ಎಷ್ಟು ಕೋಟ್, ಪ್ರೈಮರ್ ಎಷ್ಟು, ಯಾವ ಬಣ್ಣ ಎಷ್ಟು ಕೋಟ್, ಮೆಟೀರಿಯಲ್ ಯಾರದು, ಮುಂಗಡ ಎಷ್ಟು, ಬಣ್ಣ ಎದ್ದರೆ ಎಷ್ಟು ತಿಂಗಳವರೆಗೆ ಬಂದು ಸರಿಮಾಡಿಕೊಡುತ್ತೀರಿ. ಹೊಸ ಪ್ಲಾಸ್ಟರ್ 28 ದಿನವಾದರೂ ಆಗದೆ, ತೇವ ಆರದೆ ಪುಟ್ಟಿ ಹಾಕುವುದಿಲ್ಲ ಎಂಬುದನ್ನೂ ಬರೆಯಿರಿ. ಮಳೆ ಹೆಚ್ಚಿರುವ ತರೀಕೆರೆ ಕಡೆಯ ಇಂಜಿನಿಯರ್‌ಗೆ ಆ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ. ಕೆಳಗೆ ಉದ್ಯಮ್ ನಂಬರ್, ಹುಡುಗರ ಲೇಬರ್ ಕಾರ್ಡ್ ಇದೆ ಎಂಬ ಮಾತು, ನಿಮ್ಮ ಸಹಿ. ಮಗಳೋ ಮಗನೋ ಮೊಬೈಲಿನಲ್ಲಿ ಟೈಪು ಮಾಡಿಕೊಟ್ಟರೆ ಇನ್ನೂ ಚೆಂದ. ಅದು ಸಿದ್ಧವಾದ ದಿನ ಫೋನ್ ಮಾಡಿ, ‘ಸಾರ್, ಆವತ್ತು ತಾವು ಕೇಳಿದಾಗ ನನ್ನ ಹತ್ತಿರ ಕಾಗದ ಇರಲಿಲ್ಲ, ಮುಂದಿನ ಕೆಲಸಕ್ಕೆ ಇಗೋ ಕಳಿಸುತ್ತಿದ್ದೇನೆ’ ಎನ್ನಿ. ಅವರು ಕೆಲಸ ಕೊಡುತ್ತಾರೋ ಇಲ್ಲವೋ ಹೇಳಲಾರೆ. ಆ ಹಾಳೆಯ ಇನ್ನೊಂದು ಪ್ರತಿಯನ್ನು ನೀವು ಬಣ್ಣ ಕೊಳ್ಳುವ ಅಂಗಡಿಯವರಿಗೂ ಕೊಟ್ಟಿರಿ. ಮನೆ ಕಟ್ಟಿಸುವವರು ಒಳ್ಳೆ ಪೇಂಟರ್ ಯಾರಿದ್ದಾರೆ ಎಂದು ಮೊದಲು ಕೇಳುವುದು ಅಲ್ಲೇ.