ಜಲವರ್ಣದಲ್ಲಿ ಪಕ್ಷಿಚಿತ್ರಣ: ಸರಳತೆ ಮತ್ತು ಧ್ವನಿ

ಚಿತ್ರಕಲೆಯ ಮಾಧ್ಯಮಗಳಲ್ಲಿ ಜಲವರ್ಣವು ನೋಡುವುದಕ್ಕೆ ಸುಲಭ, ಸಾಧಿಸುವುದಕ್ಕೆ ಕಠಿನ. ತೈಲವರ್ಣದಲ್ಲಿ ಪದರದ ಮೇಲೆ ಪದರ ಹಚ್ಚಿ ದೋಷವನ್ನು ಮರೆಮಾಡಬಹುದು. ಜಲವರ್ಣವಾದರೋ ಪಾರದರ್ಶಕ, ಕೆಳಗಿನದು ಮೇಲೆ ಕಂಡೇ ಕಾಣುತ್ತದೆ. ಬಿಳುಪನ್ನು ಒದಗಿಸಬೇಕಾದುದು ಕಾಗದವೇ. ಆದಕಾರಣ ಎಲ್ಲಿ ಬಣ್ಣ ಹಚ್ಚಬಾರದೆಂಬುದನ್ನು ಚಿತ್ರಕಾರನು ಮೊದಲೇ ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಪಕ್ಷಿಯು ಈ ಮಾಧ್ಯಮಕ್ಕೆ ಬಹು ಯೋಗ್ಯವಾದ ವಸ್ತು. ಅದು ಒಂದೆಡೆ ನಿಲ್ಲುವುದಿಲ್ಲ. ನಮ್ಮ ಕಣ್ಣಿಗೆ ದಕ್ಕುವುದು ಅದರ ಒಟ್ಟು ಆಕಾರ, ನಿಲುವು ಮತ್ತು ಒಂದೆರಡು ಗುರುತುಗಳು ಮಾತ್ರ.

ಹೇಳದೆ ಹೊಳೆಯಿಸುವ ಈ ಶಕ್ತಿಗೆ ನಮ್ಮ ಕಾವ್ಯಮೀಮಾಂಸೆಯಲ್ಲಿ ‘ಧ್ವನಿ’ ಎಂಬ ಹೆಸರಿದೆ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಅದನ್ನು ಕಾವ್ಯದ ಆತ್ಮವೆಂದು ಪ್ರತಿಪಾದಿಸಿದನು. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ವೂ ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಹೆಸರಿಸಿದೆ. ಕಾವ್ಯದಲ್ಲಿ ಸಹೃದಯನು ಮಾಡುವ ಕೆಲಸವನ್ನು ಚಿತ್ರದಲ್ಲಿ ನೋಡುಗನ ಕಣ್ಣು ಮಾಡುತ್ತದೆ.

ಪಕ್ಷಿಚಿತ್ರಣದ ಎರಡು ಪರಂಪರೆಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾದೀತು. ಜಹಾಂಗೀರನ (ಆಳ್ವಿಕೆ 1605–1627) ಆಸ್ಥಾನದಲ್ಲಿದ್ದ ಉಸ್ತಾದ್ ಮನ್ಸೂರನು ‘ನಾದಿರ್-ಉಲ್-ಅಸ್ರ್’, ಅರ್ಥಾತ್ ‘ಯುಗದ ಅಪೂರ್ವ’ ಎಂಬ ಬಿರುದನ್ನು ಪಡೆದವನು. ಅವನದೆಂದು ಪ್ರಸಿದ್ಧವಾದ ಸೈಬೀರಿಯಾ ಕ್ರೌಂಚದ ಚಿತ್ರದಲ್ಲಿ ಗರಿಯ ಎಳೆಗಳು, ಕಾಲಿನ ಚರ್ಮದ ಸುಕ್ಕುಗಳು ಸಹ ಕಾಣಸಿಗುತ್ತವೆ. ಚೀನಾದ ಬಾದಾ ಶಾನ್‌ರೆನ್ (1626–1705) ಇದಕ್ಕೆ ತೀರ ಭಿನ್ನ. ಮಿಂಗ್ ರಾಜವಂಶದಲ್ಲಿ ಹುಟ್ಟಿದ ಈತನು 1644ರಲ್ಲಿ ಆ ವಂಶವು ಪತನಗೊಂಡ ತರುವಾಯ ಬೌದ್ಧ ಭಿಕ್ಷುವಾದನು. ಅವನ ಮಸಿಚಿತ್ರಗಳಲ್ಲಿ ಕೆಲವೇ ಕುಂಚಸ್ಪರ್ಶಗಳಿಂದ ಒಂದು ಹಕ್ಕಿ ಮೂಡುತ್ತದೆ. ಸುತ್ತಲೂ ಬರಿಯ ಕಾಗದ. ಅದು ನೀರೋ ಆಕಾಶವೋ ನೋಡುಗನೇ ತುಂಬಿಕೊಳ್ಳಬೇಕು. ‘ಬಯಲು’ ಎಂಬ ಮಾತಿನ ತೂಕವನ್ನು ಶರಣಸಾಹಿತ್ಯದ ಪರಿಚಯವುಳ್ಳ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ ಒಂದು ಮಾತನ್ನು ಮರೆಯಲಾಗದು: ಬಿಟ್ಟವನೂ ಬರೆದವನಷ್ಟೇ ಹಕ್ಕಿಯನ್ನು ಬಲ್ಲವನು. ಅರಿತು ಬಿಟ್ಟ ಬಯಲು ಮಾತನಾಡುತ್ತದೆ. ಅರಿಯದೆ ಬಿಟ್ಟದ್ದು ಬರಿದಾಗಿಯೇ ಉಳಿಯುತ್ತದೆ.

ಇನ್ನು ಪ್ರಯೋಗಕ್ಕೆ ಬರೋಣ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಈ ಹಕ್ಕಿಯ ಮೈ ತಿಳಿಬೂದು, ತಲೆ ಬಿಳುಪು, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳು. ಮೊದಲು ಪೆನ್ಸಿಲಿನಿಂದ ಮೈಯ ಓರೆಯನ್ನು ಒಂದೇ ಗೆರೆಯಲ್ಲಿ ಗುರುತಿಸಿ, ಅದರ ಮೇಲೆ ಮೊಟ್ಟೆಯಾಕಾರದ ಒಡಲನ್ನೂ ಚಿಕ್ಕ ತಲೆಯನ್ನೂ ಹಗುರವಾಗಿ ಕೂಡಿಸಬೇಕು. ತಲೆಯನ್ನೂ ಕತ್ತಿನ ಬದಿಯ ಬಿಳಿಯ ಗೆರೆಯನ್ನೂ ಬಿಟ್ಟು, ಮೈಗೆ ತಿಳಿಬೂದು ಬಣ್ಣವನ್ನು ಒಮ್ಮೆಗೇ ಹರಿಸಬೇಕು. ಅದು ಹಸಿಯಾಗಿರುವಾಗಲೇ ಪಕ್ಕೆಯಲ್ಲಿ ತುಸು ಗಾಢವರ್ಣ ಮುಟ್ಟಿಸಿದರೆ ಒಡಲಿಗೆ ಗುಂಡನೆಯ ರೂಪ ಬರುತ್ತದೆ. ಬೆನ್ನಿನ ಅಂಚು ಒಂದೆಡೆ ಹಿನ್ನೆಲೆಯಲ್ಲಿ ಕರಗಿಹೋಗಲಿ. ಒಣಗಿದ ಮೇಲೆ ಆ ಎರಡು ಪಟ್ಟೆಗಳು, ಕಣ್ಣು, ಕಿತ್ತಳೆ ಛಾಯೆಯ ಕೊಕ್ಕು. ರೆಕ್ಕೆಗೆ ಎರಡು ಮೂರು ಸ್ಪರ್ಶಗಳು. ಅಲ್ಲಿಗೆ ಕುಂಚವನ್ನು ಕೆಳಗಿಡಬೇಕು.

ಬೆಳ್ಳಕ್ಕಿಯನ್ನು ಬರೆಯುವಾಗ ಹಕ್ಕಿಗೆ ಬಣ್ಣವೇ ಬೇಡ. ಹಿಂದಿನ ಗದ್ದೆಯ ಹಸುರನ್ನು ಬರೆದರೆ ಹಕ್ಕಿ ತಾನೇ ಎದ್ದು ನಿಲ್ಲುತ್ತದೆ. ಕಾಗೆಗೆ ಸಿದ್ಧ ಕಪ್ಪಿಗಿಂತ ಗಾಢನೀಲಿ ಮತ್ತು ಕಂದು ಬೆರೆಸಿದ ಕಪ್ಪು ಲೇಸು. ಬೆನ್ನಿನ ಹೊಳಪಿಗೆ ಕಾಗದವನ್ನು ಬಿಡಬೇಕು. ಮಿಂಚುಳ್ಳಿಯ ಬೆನ್ನಿನ ನೀಲಿ ಗರಿಯೊಳಗಿನ ವರ್ಣದ್ರವ್ಯದ್ದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದರುವುದರಿಂದ ಉಂಟಾದುದು. ಆ ಬೆಳಕನ್ನು ಮೂರು ಪದರದ ದಪ್ಪ ನೀಲಿ ಕೊಡಲಾರದು. ನಡುವೆ ತುಸು ಬಿಳುಪುಳಿದ ಒಂದೇ ತಿಳಿಪದರ ಅದನ್ನು ಸೂಚಿಸಬಲ್ಲದು.

ಶಾಲೆಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಮುದ್ರಿತ ಪಟವನ್ನು ನೋಡಿ, ಸುತ್ತಲೂ ಕಪ್ಪು ಗೆರೆಯೆಳೆದು, ಗರಿ ಗರಿಯನ್ನೂ ತುಂಬುತ್ತಾರೆ. ತುಂಬಿದ ಹಾಳೆಗೆ ಹೆಚ್ಚು ಅಂಕ ದೊರೆಯುವ ತನಕ ಈ ರೂಢಿ ತಪ್ಪದು. ಬರಿಯ ಕಾಗದಕ್ಕೆ ಅಂಜುವ ಮಗು ಕಾಣದ್ದನ್ನೂ ಕಂಡಂತೆ ಬರೆಯಲು ಕಲಿಯುತ್ತದೆ. ಇದು ಚಿತ್ರಕಲೆಗೆ ಮಾತ್ರ ಸಂಬಂಧಿಸಿದ ಹಾನಿಯಲ್ಲ. ಶಿಕ್ಷಕರು ಮಕ್ಕಳನ್ನು ಶಾಲೆಯ ಅಂಗಳದ ಮರದಡಿ ಇಪ್ಪತ್ತು ನಿಮಿಷ ಸುಮ್ಮನೆ ನೋಡಲು ಕೂರಿಸಿ, ಬಳಿಕ ಹತ್ತೇ ಸ್ಪರ್ಶಗಳಲ್ಲಿ ಒಂದು ಹಕ್ಕಿಯನ್ನು ಬರೆಯಿಸಲಿ. ಹೆಸರು ಹೇಳದೆಯೇ ಸಹಪಾಠಿಗಳು ಅದನ್ನು ಗುರುತಿಸಿದರೆ ಪಾಠ ಫಲಿಸಿತು.

ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ. ತೆಳು ಕಾಗದ ನೀರಿಗೆ ಸುಕ್ಕಾಗುವುದರಿಂದ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಅವಶ್ಯ. ಡಜನ್ ಕುಂಚಗಳಿಗಿಂತ ಮೊನೆ ಕೂಡುವ ಒಂದೇ ಉತ್ತಮ ಕುಂಚ ಮೇಲು. ಶಾಲೆಯ ಹಿತಚಿಂತಕರಾದ ದಾನಿಗಳು ಇದನ್ನು ಗಮನಿಸಿದರೆ, ಸ್ವಲ್ಪ ವೆಚ್ಚದಲ್ಲಿ ಹಲವು ಮಕ್ಕಳ ಕಣ್ಣು ತೆರೆದೀತು.