ಗರ್ಭಿಣಿಗೆ ಕಬ್ಬಿಣದ ಚುಚ್ಚುಮದ್ದು: ಭಯ ಬೇಡ, ಎಚ್ಚರ ಬೇಕು



ಸೊರಗಿದ ಅಡಿಕೆ ಮರಕ್ಕೆ ಹೊತ್ತಿಗೆ ಸರಿಯಾಗಿ ಗೊಬ್ಬರ ಹಾಕುತ್ತೀರಿ. ಮನೆಯ ಗರ್ಭಿಣಿ ಬಿಳಿಚಿಕೊಂಡು ಏದುಸಿರು ಬಿಟ್ಟರೆ ಮಾತ್ರ "ಬಸಿರಿಗೆ ಸಹಜ" ಎಂದು ಸುಮ್ಮನಿರಬೇಡಿ. ರಕ್ತಪರೀಕ್ಷೆ ಮಾಡಿಸಿರಿ. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅಂಥವಳಿಗೆ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದರೆ ಜೀವಕ್ಕೇ ಅಪಾಯ.

ಮೊದಲ ಮದ್ದು ಕಬ್ಬಿಣದ ಮಾತ್ರೆ. ಅದು ಒಗ್ಗದಿದ್ದರೆ, ಹಿಮೋಗ್ಲೋಬಿನ್ ಬಹಳ ಇಳಿದಿದ್ದರೆ ಅಥವಾ ಹೆರಿಗೆ ಹತ್ತಿರವಾಗಿದ್ದರೆ ವೈದ್ಯರು ಐರನ್ ಸುಕ್ರೋಸನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಇದನ್ನು ಕೊಡುವುದಿಲ್ಲ. ಆಮೇಲೆ ವೈದ್ಯರು ನೋಡಿ ಕೊಟ್ಟರೆ ತಾಯಿ, ಶಿಶು ಇಬ್ಬರಿಗೂ ಹಿತವೇ. ಎದೆಹಾಲಿಗೆ ಸೇರುವ ಕಬ್ಬಿಣ ಅತ್ಯಲ್ಪ, ಮೊಲೆಯೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಅಪರೂಪಕ್ಕೆ ಮೈತುರಿಕೆ, ಉಬ್ಬಸ, ತಲೆಸುತ್ತು ಬರಬಹುದು. ಆದ್ದರಿಂದ ಮನೆಯಲ್ಲಿ ಚುಚ್ಚಿಸಬಾರದು. ಆಸ್ಪತ್ರೆಯಲ್ಲೇ ಕೊಡಿಸಿ, ಬಳಿಕ ಅರ್ಧ ಗಂಟೆ ಅಲ್ಲೇ ಕುಳ್ಳಿರಿಸಿರಿ. ಹಿಂದೆ ಯಾವ ಮದ್ದಾದರೂ ಒಗ್ಗದೆ ಹೋಗಿದ್ದರೆ ಮೊದಲೇ ತಿಳಿಸಿರಿ. ಕಬ್ಬಿಣದ ಮಾತ್ರೆಯನ್ನು ಎಂದು ನಿಲ್ಲಿಸಬೇಕು, ಎಂದು ತಿರುಗಿ ನುಂಗಬೇಕು ಎಂಬುದನ್ನೂ ಕೇಳಿಕೊಳ್ಳಿರಿ.

2022ರ ಆಗಸ್ಟಿನ ನೆರೆಯಲ್ಲಿ ಕೊಲ್ಲಮೊಗ್ರು, ಕಲ್ಮಕಾರು ಕಡೆಯ ಹಾದಿ ಕೆಟ್ಟದ್ದನ್ನು ನೀವು ಮರೆತಿರಲಾರಿರಿ. ಆಟಿಯ ಮಳೆ ಹಿಡಿದ ಮೇಲೆ ಆಸ್ಪತ್ರೆ ದೂರವಾಗುತ್ತದೆ. ಬಸಿರು ತಿಳಿದ ತಿಂಗಳಲ್ಲೇ ಪರೀಕ್ಷೆ ಮಾಡಿಸಿರಿ.