ಉದ್ಯೋಗದಾತರಿಲ್ಲದ ಗ್ರೀನ್ ಕಾರ್ಡ್ ಅರ್ಜಿ: ನಿಯಮಗಳು ಮತ್ತು ಅನುಭವ ಪತ್ರದ ಹೊಣೆ

ಪೀಣ್ಯದ ಟೂಲ್‌ರೂಮುಗಳಲ್ಲಿ, ಬೆಳಗಾವಿ ಹಾಗೂ ಶಿವಮೊಗ್ಗದ ಫೌಂಡ್ರಿಗಳಲ್ಲಿ ಕೆಲಸ ಕಲಿತ ಎಂಜಿನಿಯರುಗಳು ಅಮೆರಿಕಕ್ಕೆ ತೆರಳಿ, ಕೆಲವು ವರ್ಷಗಳ ನಂತರ ತಮ್ಮ ಹಳೆಯ ಮಾಲೀಕರಿಂದ ಅನುಭವ ಪತ್ರವನ್ನು ಕೋರುವುದು ಈಗ ಅಪರೂಪದ ಸಂಗತಿಯಲ್ಲ. ಎಷ್ಟೋ ವೇಳೆ ಪತ್ರದ ಕರಡು ಕೂಡ ಅಲ್ಲಿಂದಲೇ ಸಿದ್ಧವಾಗಿ ಬಂದಿರುತ್ತದೆ. ಲೆಟರ್‌ಹೆಡ್ಡಿನ ಮೇಲೆ ಅಚ್ಚು ಮಾಡಿಸಿ, ಸಹಿ ಮತ್ತು ಮೊಹರು ಹಾಕಿ ಕಳುಹಿಸಿದರೆ ಸಾಕೆಂಬ ವಿನಂತಿ ಅದರೊಡನೆ ಇರುತ್ತದೆ. ಹಳೆಯ ನೌಕರನಿಗೆ ನೆರವಾಗಬೇಕೆಂಬ ಸದ್ಭಾವನೆಯಿಂದ ಮಾಲೀಕರು ಓದದೆಯೇ ಸಹಿ ಮಾಡುವುದೂ ಉಂಟು. ಈ ಕಾಗದ ಎಲ್ಲಿಗೆ ಹೋಗುತ್ತದೆ, ಅದರ ಒಂದೊಂದು ಸಾಲಿಗೆ ಎಷ್ಟು ತೂಕವಿದೆ ಎಂಬುದನ್ನು ಉದ್ಯಮಿಗಳು ತಿಳಿದಿರುವುದು ಅವಶ್ಯ. ತಮ್ಮ ಮನೆಯ ಮಕ್ಕಳೇ ಅಮೆರಿಕದಲ್ಲಿ ನೆಲೆಸಿರುವ ವ್ಯಾಪಾರಿ ಕುಟುಂಬಗಳಿಗೂ ಈ ಮಾಹಿತಿ ಪ್ರಯೋಜನಕಾರಿಯಾಗಿದೆ.

ಸಾಮಾನ್ಯ ಮಾರ್ಗ ಮತ್ತು ಸ್ವಯಂ ಅರ್ಜಿ

ಅಮೆರಿಕದ 1990ರ ವಲಸೆ ಕಾಯಿದೆಯು ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಶಾಶ್ವತ ನಿವಾಸ ವೀಸಾಗಳನ್ನು ನಿಗದಿಪಡಿಸಿ, ಅವನ್ನು ಐದು ವರ್ಗಗಳಾಗಿ ವಿಂಗಡಿಸಿತು. ಇವುಗಳಲ್ಲಿ ಸಾಮಾನ್ಯವಾದ ಮಾರ್ಗವು ಉದ್ಯೋಗದಾತ ಸಂಸ್ಥೆಯ ಮೂಲಕ ಸಾಗುವಂಥದ್ದು. ಆ ಸಂಸ್ಥೆಯು ಮೊದಲು ಜಾಹೀರಾತು ನೀಡಿ, ಆ ಹುದ್ದೆಗೆ ಅರ್ಹ ಅಮೆರಿಕನ್ ಕೆಲಸಗಾರರು ದೊರೆಯಲಿಲ್ಲವೆಂದು ತೋರಿಸಿ, ಕಾರ್ಮಿಕ ಇಲಾಖೆಯಿಂದ ಲೇಬರ್ ಸರ್ಟಿಫಿಕೇಷನ್ ಪಡೆಯಬೇಕು. ಆನಂತರವೇ ಐ-140 ನಮೂನೆಯ ಅರ್ಜಿಯನ್ನು ಸಲ್ಲಿಸಲು ಅವಕಾಶ. ಇಲ್ಲಿ ಅರ್ಜಿದಾರನು ನೌಕರನಲ್ಲ, ಸಂಸ್ಥೆ. ನೌಕರನು ಕೆಲಸ ಕಳೆದುಕೊಂಡರೆ ಅಥವಾ ಸಂಸ್ಥೆಯು ಮನಸ್ಸು ಬದಲಿಸಿದರೆ, ಬಹಳ ಸಲ ಎಲ್ಲವೂ ಮೊದಲಿನಿಂದ ಆರಂಭವಾಗಬೇಕಾಗುತ್ತದೆ.

ಈ ಅವಲಂಬನೆಯಿಲ್ಲದೆ ವ್ಯಕ್ತಿಯು ತನ್ನ ಹೆಸರಿನಲ್ಲಿ ತಾನೇ ಐ-140 ಸಲ್ಲಿಸಬಹುದಾದ ಮುಖ್ಯ ಮಾರ್ಗಗಳು ಎರಡು. ಒಂದು, ಇಬಿ-1ಎ ಎಂಬ ಅಸಾಧಾರಣ ಸಾಮರ್ಥ್ಯದ ವರ್ಗ. ಇನ್ನೊಂದು, ಇಬಿ-2 ವರ್ಗದ ನ್ಯಾಷನಲ್ ಇಂಟರೆಸ್ಟ್ ವೇವರ್, ಅಂದರೆ ರಾಷ್ಟ್ರಹಿತದ ಕಾರಣದಿಂದ ನೀಡುವ ವಿನಾಯಿತಿ. ಬಂಡವಾಳ ಹೂಡಿಕೆಯ ಇಬಿ-5 ವರ್ಗದಲ್ಲಿಯೂ ಅರ್ಜಿದಾರನು ಸ್ವತಂತ್ರನೇ. ಆದರೆ 2022ರ ಕಾಯಿದೆಯ ಪ್ರಕಾರ ಅದಕ್ಕೆ ನಿರ್ದಿಷ್ಟ ಪ್ರದೇಶಗಳಲ್ಲಿ 8,00,000 ಡಾಲರ್, ಇತರೆಡೆ 10,50,000 ಡಾಲರ್ ಹೂಡಿಕೆ ಮತ್ತು ಹತ್ತು ಪೂರ್ಣಾವಧಿ ಉದ್ಯೋಗಗಳ ಸೃಷ್ಟಿ ಅಗತ್ಯ. ಅದು ಬಂಡವಾಳದ ದಾರಿ. ಇಲ್ಲಿ ಪರಿಶೀಲಿಸುತ್ತಿರುವುದು ಕೌಶಲದ ದಾರಿ.

ಇಬಿ-1ಎ: ಹತ್ತರಲ್ಲಿ ಮೂರು

ನೊಬೆಲ್ ಪ್ರಶಸ್ತಿಯಂಥ ಮಹತ್ತರ ಸಾಧನೆ ಇಲ್ಲದವರು ನಿಯಮಗಳಲ್ಲಿ ಹೇಳಿರುವ ಹತ್ತು ಮಾನದಂಡಗಳ ಪೈಕಿ ಕನಿಷ್ಠ ಮೂರನ್ನು ಪೂರೈಸಬೇಕು. ರಾಷ್ಟ್ರೀಯ ಅಥವಾ ಅಂತಾರಾಷ್ಟ್ರೀಯ ಮನ್ನಣೆಯ ಪ್ರಶಸ್ತಿ, ವಿಶೇಷ ಸಾಧನೆಯನ್ನೇ ಅರ್ಹತೆಯಾಗಿ ಕೇಳುವ ಸಂಘಗಳ ಸದಸ್ಯತ್ವ, ಪತ್ರಿಕೆಗಳಲ್ಲಿ ಅರ್ಜಿದಾರನ ಕೆಲಸದ ಬಗ್ಗೆ ಬಂದ ಬರಹ, ಇತರರ ಕೆಲಸದ ಮೌಲ್ಯಮಾಪನ ಮಾಡಿದ ಅನುಭವ, ಕ್ಷೇತ್ರಕ್ಕೆ ನೀಡಿದ ಮಹತ್ವದ ಸ್ವಂತ ಕೊಡುಗೆ, ವಿದ್ವತ್ಪೂರ್ಣ ಲೇಖನಗಳು, ಹೆಸರಾಂತ ಸಂಸ್ಥೆಯಲ್ಲಿ ನಿರ್ಣಾಯಕ ಪಾತ್ರ, ಕ್ಷೇತ್ರದ ಇತರರಿಗೆ ಹೋಲಿಸಿದರೆ ಹೆಚ್ಚಿನ ವೇತನ ಇವು ಅವುಗಳಲ್ಲಿ ಮುಖ್ಯವಾದವು. ಉಳಿದೆರಡು ಕಲೆ ಹಾಗೂ ರಂಗಪ್ರದರ್ಶನಗಳಿಗೆ ಸಂಬಂಧಿಸಿವೆ.

ಚಂದಾ ಕಟ್ಟಿದವರೆಲ್ಲರಿಗೂ ದೊರೆಯುವ ಸದಸ್ಯತ್ವವು ಈ ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು. ವಾಣಿಜ್ಯ ಸಂಸ್ಥೆಯೊಂದರ ಸಾಮಾನ್ಯ ಸದಸ್ಯತ್ವವಾಗಲಿ, ಸ್ಥಳೀಯ ಸಮಾರಂಭದ ಸನ್ಮಾನ ಪತ್ರವಾಗಲಿ ಅಸಾಧಾರಣ ಸಾಮರ್ಥ್ಯಕ್ಕೆ ಸಾಕ್ಷಿಯಾಗದು. ಮೂರು ಮಾನದಂಡಗಳು ಪೂರೈಸಿದ ಮಾತ್ರಕ್ಕೆ ಮಂಜೂರಾತಿ ಖಚಿತವೂ ಅಲ್ಲ. 2010ರ ಕಜಾರಿಯನ್ ಪ್ರಕರಣದ ತೀರ್ಪಿನ ನಂತರ ಪರಿಶೀಲನೆಯು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಮಾನದಂಡಗಳ ಎಣಿಕೆ. ನಂತರ, ಅರ್ಜಿದಾರನು ನಿಜವಾಗಿಯೂ ತನ್ನ ಕ್ಷೇತ್ರದ ಅಗ್ರಪಂಕ್ತಿಯ ಕೆಲವೇ ಜನರಲ್ಲಿ ಒಬ್ಬನೇ ಎಂಬ ಸಮಗ್ರ ತೀರ್ಮಾನ.

ರಾಷ್ಟ್ರಹಿತ ವಿನಾಯಿತಿ: ಮೂರು ಪ್ರಶ್ನೆಗಳು

ಈ ಮಾರ್ಗದಲ್ಲಿ ಅರ್ಜಿದಾರನು ಮೊದಲು ಇಬಿ-2 ವರ್ಗಕ್ಕೆ ಅರ್ಹನಾಗಿರಬೇಕು. ಸ್ನಾತಕೋತ್ತರ ಪದವಿ, ಅಥವಾ ಸ್ನಾತಕ ಪದವಿಯೊಡನೆ ಆನಂತರದ ಐದು ವರ್ಷಗಳ ಪ್ರಗತಿಪರ ಅನುಭವ, ಅಥವಾ ನಿಯಮಗಳಲ್ಲಿನ ಆರು ಮಾನದಂಡಗಳಲ್ಲಿ ಮೂರನ್ನು ಪೂರೈಸುವ ವಿಶೇಷ ಸಾಮರ್ಥ್ಯ, ಇವುಗಳಲ್ಲಿ ಒಂದಿರಬೇಕು. ಆ ಬಳಿಕ, ಡಿಸೆಂಬರ್ 2016ರ ಧನಸರ್ ಪ್ರಕರಣದ ನಿರ್ಣಯವು ಗೊತ್ತುಪಡಿಸಿದ ಮೂರು ಪ್ರಶ್ನೆಗಳಿಗೆ ಉತ್ತರ ನೀಡಬೇಕು.

1. ಕೈಗೊಳ್ಳಲಿರುವ ಕಾರ್ಯಕ್ಕೆ ಗಣನೀಯ ಮೌಲ್ಯ ಮತ್ತು ರಾಷ್ಟ್ರಮಟ್ಟದ ಮಹತ್ವ ಇದೆಯೇ?
2. ಆ ಕಾರ್ಯವನ್ನು ಮುಂದುವರಿಸಲು ಅರ್ಜಿದಾರನು ಸಮರ್ಥ ಸ್ಥಿತಿಯಲ್ಲಿರುವನೇ?
3. ಉದ್ಯೋಗದ ಆಹ್ವಾನ ಹಾಗೂ ಲೇಬರ್ ಸರ್ಟಿಫಿಕೇಷನ್ ಷರತ್ತುಗಳನ್ನು ಕೈಬಿಡುವುದರಿಂದ ಒಟ್ಟಾರೆ ಅಮೆರಿಕಕ್ಕೆ ಲಾಭವೇ?

ಮೊದಲನೆಯ ಪ್ರಶ್ನೆಯಲ್ಲಿಯೇ ಅನೇಕ ಅರ್ಜಿಗಳು ಎಡವುತ್ತವೆ. ಧನಸರ್ ಪ್ರಕರಣದಲ್ಲಿ ಅರ್ಜಿದಾರರ ವೈಮಾಂತರಿಕ್ಷ ಸಂಶೋಧನೆಗೆ ರಾಷ್ಟ್ರೀಯ ಮಹತ್ವವಿದೆಯೆಂದು ಒಪ್ಪಲಾಯಿತು. ಅವರ ಬೋಧನಾ ಕಾರ್ಯಕ್ಕೆ ಮೌಲ್ಯವಿದ್ದರೂ ಅದೇ ಮಹತ್ವ ಸ್ಥಾಪಿತವಾಗಲಿಲ್ಲವೆಂದು ಹೇಳಲಾಯಿತು. ತಯಾರಿಕಾ ರಂಗಕ್ಕೆ ಇದನ್ನು ಅನ್ವಯಿಸುವುದಾದರೆ, ಒಂದು ಕಾರ್ಖಾನೆಯ ಉತ್ಪಾದನೆಯನ್ನು ಹೆಚ್ಚಿಸಬಲ್ಲೆ ಎನ್ನುವುದು ಸಾಲದು. ಎರಕದಲ್ಲಿ ತಿರಸ್ಕೃತ ಮಾಲಿನ ಪ್ರಮಾಣವನ್ನು ತಗ್ಗಿಸುವ ಒಂದು ವಿಧಾನವನ್ನು ಹಲವು ಕಾರ್ಖಾನೆಗಳು ಅಳವಡಿಸಿಕೊಳ್ಳಬಹುದು ಎಂಬುದನ್ನು ದಾಖಲೆಗಳಿಂದ ತೋರಿಸಬೇಕು. ಉದ್ಯೋಗದ ಹೆಸರಿಗಿಂತ ಮಾಡಲಿರುವ ಕಾರ್ಯವೇ ಇಲ್ಲಿ ಮುಖ್ಯ.

ಮಂಜೂರಾತಿ ಬೇರೆ, ಸರದಿ ಬೇರೆ

ಸ್ವಯಂ ಅರ್ಜಿ ಸಲ್ಲಿಸಿದರೆ ಗ್ರೀನ್ ಕಾರ್ಡ್ ಬೇಗ ಕೈಸೇರುತ್ತದೆ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಐ-140 ಮಂಜೂರಾದರೆ ಅರ್ಹತೆ ಒಪ್ಪಿತವಾಯಿತು ಎಂದಷ್ಟೇ ಅರ್ಥ. ಅದರಿಂದಲೇ ಅಮೆರಿಕದಲ್ಲಿ ವಾಸಿಸುವ ಅಥವಾ ದುಡಿಯುವ ಹಕ್ಕು ಲಭಿಸುವುದಿಲ್ಲ. ಯಾವುದೇ ಒಂದು ದೇಶದಲ್ಲಿ ಜನಿಸಿದವರಿಗೆ ಒಟ್ಟು ವೀಸಾಗಳಲ್ಲಿ ಶೇಕಡಾ 7ರ ಮಿತಿ ಇರುವುದರಿಂದ ಭಾರತದಲ್ಲಿ ಜನಿಸಿದವರ ಸರದಿ ಬಹು ಉದ್ದವಾಗಿದೆ. ಇಬಿ-2 ವರ್ಗದಲ್ಲಿ ಈ ನಿರೀಕ್ಷೆ ಹತ್ತು ವರ್ಷಗಳನ್ನೂ ಮೀರಿದೆ. ರಾಷ್ಟ್ರಹಿತ ವಿನಾಯಿತಿ ಪಡೆದವರಿಗೆ ಪ್ರತ್ಯೇಕ ಸರದಿ ಇಲ್ಲ. ಅವರೂ ಅದೇ ಇಬಿ-2 ಸಾಲಿನಲ್ಲಿಯೇ ನಿಲ್ಲಬೇಕು.

ಸರದಿಯಲ್ಲಿನ ಸ್ಥಾನವನ್ನು ನಿರ್ಧರಿಸುವುದು ಪ್ರಯಾರಿಟಿ ಡೇಟ್. ಸ್ವಯಂ ಅರ್ಜಿಯಲ್ಲಿ ಐ-140 ಸಲ್ಲಿಕೆಯಾದ ದಿನವೇ ಆ ದಿನಾಂಕ. ಹಿಂದೆ ಉದ್ಯೋಗದಾತರ ಮೂಲಕ ಮಂಜೂರಾದ ಅರ್ಜಿಯಿದ್ದಲ್ಲಿ ಅದರ ಹಳೆಯ ದಿನಾಂಕವನ್ನು ಹೊಸ ಅರ್ಜಿಗೆ ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ಜನಿಸಿದ ದೇಶವೇ ಗಣನೆಗೆ ಬರುವುದರಿಂದ, ಪತಿ ಅಥವಾ ಪತ್ನಿ ಬೇರೆ ದೇಶದಲ್ಲಿ ಜನಿಸಿದ್ದರೆ ಆ ದೇಶದ ಸರದಿಯನ್ನು ಬಳಸಿಕೊಳ್ಳುವ ಅವಕಾಶವೂ ಉಂಟು. ಹೆಚ್ಚುವರಿ ಶುಲ್ಕ ತೆತ್ತು ಪ್ರೀಮಿಯಂ ಪ್ರೊಸೆಸಿಂಗ್ ಕೋರಿದರೆ ಇಬಿ-1ಎ ಅರ್ಜಿಗೆ 15, ರಾಷ್ಟ್ರಹಿತ ಅರ್ಜಿಗೆ 45 ಕೆಲಸದ ದಿನಗಳಲ್ಲಿ ವಲಸೆ ಇಲಾಖೆಯು ಕ್ರಮ ಕೈಗೊಳ್ಳುತ್ತದೆ. ಇದರಿಂದ ತ್ವರಿತವಾಗುವುದು ಪರಿಶೀಲನೆಯೇ ಹೊರತು ಸರದಿಯಲ್ಲ. 1-4-2024ರಿಂದ ಜಾರಿಗೆ ಬಂದ ಪಟ್ಟಿಯಂತೆ ಐ-140 ಶುಲ್ಕ 715 ಡಾಲರ್. ಸ್ವಯಂ ಅರ್ಜಿದಾರರು ಅದರ ಜೊತೆಗೆ 300 ಡಾಲರ್ ಆಶ್ರಯ ಕಾರ್ಯಕ್ರಮ ಶುಲ್ಕವನ್ನು ತೆರಬೇಕು. ಶುಲ್ಕಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಸಲ್ಲಿಕೆಯ ದಿನದ ದರವನ್ನು ಖಚಿತಪಡಿಸಿಕೊಳ್ಳಬೇಕು.

ಈ ದೀರ್ಘ ನಿರೀಕ್ಷೆಯ ಹೊರೆ ಮಕ್ಕಳ ಮೇಲೂ ಬೀಳುತ್ತದೆ. ಅವಲಂಬಿತ ಮಗುವಿಗೆ 21 ವರ್ಷ ತುಂಬಿದರೆ ತಂದೆತಾಯಿಯ ಅರ್ಜಿಯಡಿ ಸ್ಥಾನವಿಲ್ಲ. 2002ರ ಕಾಯಿದೆಯು ಐ-140 ಪರಿಶೀಲನೆಯಲ್ಲಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯಲು ಅವಕಾಶ ನೀಡುತ್ತದೆ. ಮಂಜೂರಾದ ಮೇಲೆ ಸರದಿಯಲ್ಲಿ ಕಾದ ವರ್ಷಗಳನ್ನು ಕಳೆಯಲು ಬರುವುದಿಲ್ಲ.

ಅನುಭವ ಪತ್ರ ಹೇಗಿರಬೇಕು?

ಕರ್ನಾಟಕದ ಉದ್ಯಮಿಯ ಪಾತ್ರ ಬರುವುದು ಇಲ್ಲಿ. ಅನುಭವ ಪತ್ರದಲ್ಲಿ ಬರೆದವರ ಹೆಸರು, ಹುದ್ದೆ, ವಿಳಾಸ ಹಾಗೂ ನೌಕರನು ನಿರ್ವಹಿಸಿದ ಕೆಲಸದ ನಿರ್ದಿಷ್ಟ ವಿವರಣೆ ಇರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಸೇವೆಗೆ ಸೇರಿದ ಮತ್ತು ಬಿಟ್ಟ ದಿನಾಂಕಗಳು, ಕೆಲಸ ಪೂರ್ಣಾವಧಿಯೇ ಎಂಬ ಸ್ಪಷ್ಟನೆ, ಜವಾಬ್ದಾರಿ ವರ್ಷದಿಂದ ವರ್ಷಕ್ಕೆ ಹೇಗೆ ಹೆಚ್ಚಿತೆಂಬ ವಿವರ ಇವು ಪತ್ರಕ್ಕೆ ಬಲ ನೀಡುತ್ತವೆ. "ಶ್ರಮಜೀವಿ, ಪ್ರಾಮಾಣಿಕ, ಸಂಸ್ಥೆಗೆ ಆಸ್ತಿಯಾಗಿದ್ದರು" ಎಂಬ ವಾಡಿಕೆಯ ಪ್ರಶಂಸೆಯಿಂದ ಅರ್ಜಿದಾರನಿಗೆ ಯಾವ ಪ್ರಯೋಜನವೂ ಇಲ್ಲ. ಕನ್ನಡದಲ್ಲಿರುವ ದಾಖಲೆಗಳಿಗೆ ಪೂರ್ಣ ಇಂಗ್ಲಿಷ್ ಅನುವಾದ ಹಾಗೂ ಅನುವಾದಕರ ದೃಢೀಕರಣ ಕಡ್ಡಾಯ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ನಾಲ್ಕು ವರ್ಷಗಳ ಬಿ.ಇ. ಪದವಿ ಪಡೆದ ಒಬ್ಬನು ಫೌಂಡ್ರಿಯೊಂದರಲ್ಲಿ ನಾಲ್ಕು ವರ್ಷ, ನಂತರ ಅಮೆರಿಕದ ಸಂಸ್ಥೆಯೊಂದರಲ್ಲಿ ಎರಡು ವರ್ಷ ದುಡಿದಿದ್ದಾನೆ ಎಂದುಕೊಳ್ಳಿ. ಐದು ವರ್ಷಗಳ ಷರತ್ತು ಒಂದೇ ಕಡೆ ತುಂಬಬೇಕೆಂದು ತಪ್ಪಾಗಿ ತಿಳಿದು, ಅವನು ಹಳೆಯ ಮಾಲೀಕರಿಂದ ಐದು ವರ್ಷಗಳ ಪತ್ರವನ್ನು ಕೋರುತ್ತಾನೆ. ಮಾಲೀಕರೂ ದಾಕ್ಷಿಣ್ಯಕ್ಕೆ ಸಹಿ ಮಾಡುತ್ತಾರೆ. ಆದರೆ ಭವಿಷ್ಯ ನಿಧಿಯ ಖಾತೆ ನಾಲ್ಕು ವರ್ಷಗಳನ್ನೇ ತೋರಿಸುತ್ತದೆ. ಹಿಂದಿನ ವೀಸಾ ಅರ್ಜಿಯಲ್ಲಿ ಅವನೇ ಬರೆದ ದಿನಾಂಕಗಳೂ ಹಾಗೆಯೇ ಇವೆ. ನಿಜವಾದ ನಾಲ್ಕು ಮತ್ತು ಎರಡು ವರ್ಷ ಸೇರಿ ಆರಾಗುತ್ತಿತ್ತು. ಷರತ್ತು ಸತ್ಯದಿಂದಲೇ ಪೂರೈಸುತ್ತಿತ್ತು. ಮಹತ್ವದ ವಿಷಯದಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದ್ದಾನೆಂಬ ನಿರ್ಣಯವಾದರೆ, ಸೀಮಿತ ವಿನಾಯಿತಿಗಳ ಹೊರತು, ಅವನಿಗೆ ಅಮೆರಿಕದ ಪ್ರವೇಶವು ಜೀವನಪರ್ಯಂತ ನಿರಾಕರಣೆಯಾಗಬಹುದು. ಅನಗತ್ಯವಾದ ಒಂದು ವರ್ಷವು ಅಗತ್ಯವಿದ್ದ ನಾಲ್ಕು ವರ್ಷಗಳನ್ನೂ ನುಂಗಿಹಾಕಿದಂತಾಗುತ್ತದೆ.

ಮೂರು ವರ್ಷಗಳ ಬಿ.ಎಸ್ಸಿ. ಪದವಿಯೊಂದನ್ನೇ ಅಮೆರಿಕದ ಸ್ನಾತಕ ಪದವಿಗೆ ಸಮನೆಂದು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಅಂಥವರಿಗೆ ಹಾಗೂ ಡಿಪ್ಲೊಮಾ ಪಡೆದವರಿಗೆ ವಿಶೇಷ ಸಾಮರ್ಥ್ಯದ ಮಾನದಂಡಗಳು ಉಳಿದಿವೆ. ಅವುಗಳಲ್ಲೊಂದು ಹತ್ತು ವರ್ಷಗಳ ಪೂರ್ಣಾವಧಿ ಅನುಭವ. ಅದನ್ನು ಸಾಬೀತುಪಡಿಸುವುದೂ ಮಾಲೀಕರ ಪತ್ರವೇ.

ಮರಳಿ ಬರುವ ಮಕ್ಕಳ ವಿಚಾರ

ಮಗನೋ ಮಗಳೋ ಗ್ರೀನ್ ಕಾರ್ಡ್ ಪಡೆದಿಟ್ಟುಕೊಂಡು, ಊರಿಗೆ ಬಂದು ಕಾರ್ಖಾನೆ ನೋಡಿಕೊಳ್ಳಲಿ ಎಂದು ಬಯಸುವ ಕುಟುಂಬಗಳು ಒಂದು ಅಂಶವನ್ನು ಮರೆಯಬಾರದು. ಗ್ರೀನ್ ಕಾರ್ಡ್ ಶಾಶ್ವತ ವಾಸದ ಪರವಾನಗಿಯೇ ಹೊರತು ಓಡಾಟದ ವೀಸಾ ಅಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನಿರಂತರವಾಗಿ ಹೊರಗಿದ್ದರೆ ಕಾರ್ಡೊಂದರ ಆಧಾರದ ಮೇಲೆ ಮರುಪ್ರವೇಶ ದೊರೆಯದು. ಅಮೆರಿಕದಲ್ಲಿರುವಾಗಲೇ ಅರ್ಜಿ ಸಲ್ಲಿಸಿ ಪಡೆಯಬೇಕಾದ ಮರುಪ್ರವೇಶ ಪರವಾನಗಿಯ ಅವಧಿಯೂ ಹೆಚ್ಚೆಂದರೆ ಎರಡು ವರ್ಷ. ಕಾರ್ಡ್ ಹೊಂದಿರುವವರೆಗೆ ಇಲ್ಲಿನ ಪಾಲುದಾರಿಕೆಯ ಲಾಭವನ್ನೂ ಸೇರಿಸಿ ಜಗತ್ತಿನ ಎಲ್ಲ ಆದಾಯವನ್ನು ಅಮೆರಿಕದ ತೆರಿಗೆ ಲೆಕ್ಕದಲ್ಲಿ ತೋರಿಸಬೇಕಾಗುತ್ತದೆ. ಖರೀದಿದಾರರ ಭೇಟಿ, ವಸ್ತುಪ್ರದರ್ಶನಗಳಷ್ಟೇ ಉದ್ದೇಶವಾಗಿದ್ದರೆ ಬಿ-1 ವ್ಯಾಪಾರ ವೀಸಾ ಸಾಕು.

ಸದಸ್ಯರು ಅನುಸರಿಸಬಹುದಾದ ಕ್ರಮ

ಪತ್ರದ ಕೋರಿಕೆ ಬಂದಾಗ ಹಾಜರಿ ಪುಸ್ತಕ, ವೇತನ ಪಟ್ಟಿ ಮತ್ತು ಭವಿಷ್ಯ ನಿಧಿಯ ದಾಖಲೆಗಳೊಡನೆ ಕರಡನ್ನು ಹೋಲಿಸಿ ನೋಡಬೇಕು. ತಮಗೆ ತಿಳಿಯದ ವಿಷಯವನ್ನು ತೆಗೆದುಹಾಕಿ, ತಿಳಿದಿರುವುದನ್ನು ವಿವರವಾಗಿ ಬರೆಯಬೇಕು. ಯಾವ ಅಚ್ಚನ್ನು ವಿನ್ಯಾಸಗೊಳಿಸಿದ, ಯಾವ ಯಂತ್ರದ ಹೊಣೆ ಹೊತ್ತ, ಎಷ್ಟು ಜನರ ಮೇಲ್ವಿಚಾರಣೆ ನಡೆಸಿದ ಎಂಬುದನ್ನು ಬಲ್ಲವರು ಆ ಮಾಲೀಕರು ಮಾತ್ರ. ಪತ್ರದ ಪ್ರತಿಯನ್ನು ಕಡತದಲ್ಲಿ ಇರಿಸಿಕೊಳ್ಳುವುದು ಕ್ಷೇಮ. ಅರ್ಜಿಯ ಅರ್ಹತೆ ಕುರಿತ ಸಲಹೆಯನ್ನು ಪರವಾನಗಿ ಹೊಂದಿದ ಅಮೆರಿಕದ ವಕೀಲರಿಂದ ಪಡೆಯುವಂತೆ ನೌಕರನಿಗೆ ತಿಳಿಸಬೇಕು. ಕಾರ್ಖಾನೆಯಿಂದ ಹೊರಡುವ ಮಾಲಿನ ಅಳತೆಯನ್ನು ಪರೀಕ್ಷಿಸಿ ಪ್ರಮಾಣ ಪತ್ರಕ್ಕೆ ಸಹಿ ಹಾಕುವ ಉದ್ಯಮಿಯು, ಅಲ್ಲಿ ದುಡಿದವನ ಪತ್ರಕ್ಕೂ ಅದೇ ಎಚ್ಚರದಿಂದ ಸಹಿ ಹಾಕಿದರೆ ಆ ಹಳೆಯ ನೌಕರನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.